ಥೈರಾಯ್ಡ್ ಇದ್ದವರೇ, ಮೀನೆಣ್ಣೆ ಬಾಟಲಿಯ ಬೆನ್ನು ಓದಿ: ಓದದೆ ನಾನು ಕೆಟ್ಟ ಕಥೆ

ನಾನು ಡಾಕ್ಟರಲ್ಲ, ಒಂಬತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿರುವ ರೋಗಿ ಅಷ್ಟೇ. ಮೀನೆಣ್ಣೆ ಕೆಟ್ಟದ್ದು ಅನ್ನೋದಕ್ಕೆ ಇದನ್ನು ಬರೆಯುತ್ತಿಲ್ಲ. ಮೀನೆಣ್ಣೆ ಅಂದುಕೊಂಡು ನಾನು ನುಂಗಿದ್ದು ಬರೀ ಮೀನೆಣ್ಣೆಯಾಗಿರಲಿಲ್ಲ, ನುಂಗಿದ ಹೊತ್ತೂ ಸರಿಯಿರಲಿಲ್ಲ. ಎರಡೂ ಸೇರಿ ಐದು ತಿಂಗಳು ನನ್ನನ್ನು ಹಿಂಡಿ ಹಿಪ್ಪೆ ಮಾಡಿದವು.

ನನಗಿರುವುದು ಹಾಶಿಮೊಟೊ. ದೇಹವನ್ನು ಕಾಯಬೇಕಾದ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬಿದ್ದು ಅದನ್ನು ನಿಧಾನಕ್ಕೆ ಸೋಲಿಸುವ ಕಾಯಿಲೆ. ಅದಕ್ಕೆ ದಿನಕ್ಕೆ 100 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ. ಎದ್ದ ಕೂಡಲೇ ನೀರಿನ ಜೊತೆ ಮಾತ್ರೆ, ಆಮೇಲೆ ಒಂದು ಗಂಟೆ ಬಾಯಿಗೆ ಏನೂ ಇಲ್ಲ. ಹೀಗೆ ನಡೆದುಕೊಂಡು ಬಂದದ್ದಕ್ಕೆ ಟಿಎಸ್‌ಎಚ್ ವರ್ಷಗಟ್ಟಲೆ 2ರ ಆಸುಪಾಸಿನಲ್ಲೇ ಇತ್ತು. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು; ಮೈಯಲ್ಲಿ ಥೈರಾಯ್ಡ್ ಕಡಿಮೆಯಾದರೆ ಅದು ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ.

ಒಂದು ಸಲ ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಒಂದು ಬಗೆಯ ಕೊಬ್ಬು, ಸ್ವಲ್ಪ ಏರಿತ್ತು. ಬಾಚಣಿಗೆ ತುಂಬ ಕೂದಲು ಬೇರೆ. ಅತ್ತಿಗೆ ಹೇಳಿದರು: "ಮೀನೆಣ್ಣೆ ತಗೋ, ಎರಡಕ್ಕೂ ಆಗತ್ತೆ. ನಂದು ಕೂದಲು ಉದುರೋದು ನಿಂತೇ ಹೋಯ್ತು." ಅವರು ತೆಗೆದುಕೊಳ್ಳುತ್ತಿದ್ದದ್ದನ್ನೇ ತರಿಸಿದೆ. ಬಾಟಲಿಯ ಮುಂಬದಿಯಲ್ಲಿ ದೊಡ್ಡಕ್ಷರದಲ್ಲಿ ಒಮೆಗಾ-3, ಅದರ ಕೆಳಗೆ ಕೂದಲು, ಉಗುರು, ಚರ್ಮ ಅಂತ ಏನೋ. ಹಿಂಬದಿ ಓದಲಿಲ್ಲ. ಎಣ್ಣೆಯಲ್ಲಿ ಓದೋದೇನಿದೆ!

ಮರೆಯದಿರಲಿ ಎಂದು ಥೈರಾಯ್ಡ್ ಮಾತ್ರೆಯ ಜೊತೆಗೇ ಖಾಲಿ ಹೊಟ್ಟೆಗೆ ನುಂಗಿದೆ. ಮೊದಲ ದಿನದಿಂದಲೇ ಮೀನಿನ ವಾಸನೆಯ ತೇಗು, ಹೊಟ್ಟೆ ತೊಳಸು, ಎರಡು ಸಲ ತೆಳ್ಳಗೆ ಬೇಧಿ. ಖಾಲಿ ಹೊಟ್ಟೆಗೆ ಬೇಡ, ಊಟದ ಜೊತೆ ತಗೋಬೇಕು ಎಂದು ಯಾರೋ ಹೇಳಿದರು. ಹೇಳಿದ್ದು ಸರಿಯೇ. ಊಟದಲ್ಲಿ ಕೊಬ್ಬಿದ್ದರೆ ಈ ಎಣ್ಣೆ ಚೆನ್ನಾಗಿ ಮೈಗೆ ಹತ್ತುತ್ತದೆ, ತೇಗೂ ಕಡಿಮೆ. ಆದರೆ ನನ್ನ ಜಾಣತನ ನೋಡಿ: ಕ್ಯಾಪ್ಸೂಲನ್ನು ಮಧ್ಯಾಹ್ನದ ಊಟಕ್ಕೆ ದೂಡುವ ಬದಲು ಬೆಳಗಿನ ತಿಂಡಿಯನ್ನೇ ಬೇಗ ಮಾಡಿಕೊಂಡೆ. ಎದ್ದೆ, ಮಾತ್ರೆ, ಕ್ಯಾಪ್ಸೂಲು, ಹಿಂದೆಯೇ ತಿಂಡಿ, ಕಾಫಿ. ತೇಗು ನಿಂತಿತು. ಗೆದ್ದೆ ಅಂದುಕೊಂಡೆ.

ಲೆವೊಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ ತಗೊಂಡರೂ ಪೂರ್ತಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಆಹಾರ, ಕಾಫಿ ಹಿಂದೆಯೇ ಹೋದರೆ ಸೇರುವುದು ಇನ್ನೂ ಕಡಿಮೆ. ಇದು ಒಂದೇ ದಿನಕ್ಕೆ ಗೊತ್ತಾಗುವುದೂ ಇಲ್ಲ. ಈ ಔಷಧ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಹಾಗಾಗಿ ಮೂರು ವಾರ ಏನೂ ಅನ್ನಿಸಲಿಲ್ಲ. ಆಮೇಲೆ ಸುಸ್ತು, ಚಳಿ, ಓದಿದ ಸಾಲನ್ನೇ ಮತ್ತೆ ಓದುವ ಮಂಕು ಶುರುವಾದವು. ಥೈರಾಯ್ಡ್ ಇಳಿದಾಗ ನನಗೆ ಯಾವಾಗಲೂ ಮೊದಲು ಬರುವುದು ಮಲಬದ್ಧತೆ. ಈ ಸಲ ಅದಿರಲಿಲ್ಲ, ಎಣ್ಣೆ ಅದನ್ನು ಮುಚ್ಚಿಹಾಕಿತ್ತು ಅಂತ ಈಗ ಅನ್ನಿಸುತ್ತದೆ.

ರಕ್ತ ಕೊಟ್ಟೆ. ಟಿಎಸ್‌ಎಚ್ 0.1, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು) ಮಿತಿಗಿಂತ ಮೇಲೆ. ಅಂದರೆ ಮಾತ್ರೆ ಹೆಚ್ಚಾಗಿದೆ ಎಂದರ್ಥ. ಡಾಕ್ಟರ್ ಕೇಳಿದರು, "ಬೇರೆ ಏನಾದರೂ ತಗೋತಿದೀರಾ?" "ಇಲ್ಲ" ಅಂದೆ. ನನ್ನ ಲೆಕ್ಕದಲ್ಲಿ ಮೀನೆಣ್ಣೆ ಔಷಧವೇ ಅಲ್ಲವಲ್ಲ. ಅವರು ಪ್ರಮಾಣವನ್ನು 75ಕ್ಕೆ ಇಳಿಸಿದರು. ಅವರ ತಪ್ಪೇನೂ ಇಲ್ಲ. ಕಾಗದ ಹಾಗೇ ಹೇಳುತ್ತಿತ್ತು, ನಾನೂ ಬಾಯಿ ಬಿಡಲಿಲ್ಲ.

ಮುಂದಿನ ಎರಡು ತಿಂಗಳನ್ನು ನೆನೆಸಿಕೊಂಡರೆ ಈಗಲೂ ಬೇಜಾರು. ಬೆಳಿಗ್ಗೆ ಮುಖ ಊದಿರುತ್ತಿತ್ತು, ದನಿ ಗೊಗ್ಗರಾಗಿತ್ತು, ಮೆಟ್ಟಿಲು ಹತ್ತಿ ಅರ್ಧದಲ್ಲಿ ಕೂತುಬಿಡುತ್ತಿದ್ದೆ. ಮತ್ತೆ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ ಆಗಲೂ ತಳದಲ್ಲೇ! ಇನ್ನೂ ಇಳಿಸಬೇಕೇನೋ ಎಂಬ ಮಾತು ಬಂದಾಗ ಹೆದರಿ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಕಾಗದ ಪಕ್ಕಕ್ಕಿಟ್ಟು ನಾಡಿ ಹಿಡಿದರು: ನಿಮಿಷಕ್ಕೆ 54. ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಪಾದ ಸೋಮಾರಿಯಂತೆ ನಿಧಾನಕ್ಕೆ ವಾಪಸ್ ಬಂತು. "ಕಾಗದ ಒಂದು ಹೇಳ್ತಿದೆ, ನಿಮ್ಮ ಮೈ ಇನ್ನೊಂದು ಹೇಳ್ತಿದೆ. ಮನೇಲಿ ನುಂಗೋದೆಲ್ಲ ತಂದು ಮೇಜಿನ ಮೇಲಿಡಿ" ಅಂದರು.

ಬಾಟಲಿಯ ಹಿಂಬದಿಯನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಮೀನೆಣ್ಣೆ 1000 ಮಿಲಿಗ್ರಾಂ. ಬಯೋಟಿನ್ 5000 ಮೈಕ್ರೋಗ್ರಾಂ. ಕಡಲಪಾಚಿಯ ಪುಡಿ.

ಬಯೋಟಿನ್ ಒಂದು ಬಿ ವಿಟಮಿನ್, ದೊಡ್ಡವರಿಗೆ ದಿನಕ್ಕೆ ಸಾಕಾಗುವುದು ಸುಮಾರು 30 ಮೈಕ್ರೋಗ್ರಾಂ. ಇಷ್ಟೊಂದು ಒಳಗೆ ಹೋದರೆ ಗ್ರಂಥಿಗೆ ಏನೂ ಆಗುವುದಿಲ್ಲ, ಪರೀಕ್ಷೆ ಕೆಡುತ್ತದೆ. ಅನೇಕ ಲ್ಯಾಬ್ ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್ನಿನ ಅಂಟನ್ನೇ ಬಳಸುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಲೆಕ್ಕ ತಪ್ಪಿ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಹೆಚ್ಚು ಎಂದು ತೋರಿಸುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಹೃದಯಾಘಾತ ಪತ್ತೆಮಾಡುವ ಟ್ರೊಪೊನಿನ್ ಪರೀಕ್ಷೆಯೂ ಇದರಿಂದ ತಪ್ಪಬಹುದಂತೆ. ಅದನ್ನು ಕೇಳಿದ ಮೇಲೆ ನನ್ನ ಪಾಡು ಸಣ್ಣದೇ ಅನ್ನಿಸಿತು.

ಕಡಲಪಾಚಿಯ ತೊಂದರೆ ಬೇರೆ. ಅದರಲ್ಲಿ ಅಯೋಡಿನ್ ಇರುತ್ತದೆ, ಎಷ್ಟು ಎಂಬುದು ಒಂದೊಂದು ಪಾಚಿಗೆ ಒಂದೊಂದು ಥರ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಅತಿಯಾದಾಗ ಆರೋಗ್ಯವಾಗಿರುವ ಗ್ರಂಥಿ ಕೆಲ ದಿನ ಕೆಲಸ ನಿಲ್ಲಿಸಿ ಚೇತರಿಸಿಕೊಳ್ಳುತ್ತದೆ. ಹಾಶಿಮೊಟೊ ಇರುವ ಗ್ರಂಥಿಗೆ ಎಷ್ಟೋ ಸಲ ಆ ಚೇತರಿಕೆ ಸಾಧ್ಯವಾಗುವುದಿಲ್ಲ. "ಥೈರಾಯ್ಡ್‌ಗೆ ಒಳ್ಳೆಯದು" ಅಂತಲೇ ಇದನ್ನು ಮಾರುತ್ತಾರೆ ನೋಡಿ, ಅದಕ್ಕೇ ಮೈ ಉರಿಯುತ್ತದೆ.

ಬಾಟಲಿ ನಿಲ್ಲಿಸಿ ಒಂದು ವಾರ ಬಿಟ್ಟು ರಕ್ತ ಕೊಟ್ಟೆ. ಟಿಎಸ್‌ಎಚ್ 23.

ಹಳೆಯ 100ಕ್ಕೆ, ಹಳೆಯ ಖಾಲಿ ಹೊಟ್ಟೆಗೆ ಮರಳಿದೆ. ಟ್ರೈಗ್ಲಿಸರೈಡ್ ಈ ನಡುವೆ ಇನ್ನೂ ಏರಿತ್ತು. ಥೈರಾಯ್ಡ್ ಇಳಿದರೆ ಕೊಬ್ಬಿನ ಅಂಕಿಗಳು ತಾವಾಗಿಯೇ ಏರುತ್ತವೆ ಎಂದು ಡಾಕ್ಟರ್ ತಿಳಿಸಿದರು. ಅದಕ್ಕೇ ಮೊದಲು ಮಾತ್ರೆ ಸರಿಯಾಗಲಿ, ಮೀನೆಣ್ಣೆಯ ಮಾತು ಆಮೇಲೆ ಅಂದರು. ಸಾಮಾನ್ಯ 1000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಕೆಲಸ ಮಾಡುವ ಒಮೆಗಾ-3 ಕೊಬ್ಬುಗಳಾದ ಇಪಿಎ, ಡಿಎಚ್‌ಎ ಎರಡೂ ಸೇರಿ 300 ಮಿಲಿಗ್ರಾಂ ಇರುತ್ತದಂತೆ. ಟ್ರೈಗ್ಲಿಸರೈಡ್ ಇಳಿಸಲು ಡಾಕ್ಟರುಗಳು ಕೊಡುವುದು ದಿನಕ್ಕೆ 2ರಿಂದ 4 ಗ್ರಾಂ. ನನ್ನ ಒಂದು ಕ್ಯಾಪ್ಸೂಲು ಯಾವ ಮೂಲೆಗೆ?

ಹಾಗಂತ ನೀವೇ ನಾಲ್ಕು ಗ್ರಾಂ ಶುರುಮಾಡಬೇಡಿ. ಅಷ್ಟು ಪ್ರಮಾಣದಲ್ಲಿ ಎದೆಬಡಿತ ತಾಳ ತಪ್ಪುವ ಅಪಾಯ ಸ್ವಲ್ಪ ಹೆಚ್ಚುತ್ತದೆ. ಥೈರಾಯ್ಡ್ ಮಾತ್ರೆ ಹೆಚ್ಚಾದಾಗಲೂ ಆಗುವುದು ಅದೇ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಂತೂ ಮೀನೆಣ್ಣೆ, ಥೈರಾಯ್ಡ್ ಮಾತ್ರೆ ಎರಡರ ಬಗ್ಗೆಯೂ ಡಾಕ್ಟರಿಗೆ ಹೇಳಲೇಬೇಕು. ಕಾಡ್ ಮೀನಿನ ಲಿವರ್ ಎಣ್ಣೆ ಮತ್ತೆ ಬೇರೆಯದೇ. ಅದರಲ್ಲಿ ವಿಟಮಿನ್ ಎ ಬಹಳ, ಬಸುರಿಯರು ಕೇಳದೆ ಮುಟ್ಟಬಾರದು.

ಎಂಟು ವಾರದ ನಂತರ ಟಿಎಸ್‌ಎಚ್ 3.4ಕ್ಕೆ ಬಂತು. ಕೂದಲು ಇನ್ನೂ ಉದುರುತ್ತಿದೆ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವಂತೆ. ಅತ್ತಿಗೆಗೆ ಥೈರಾಯ್ಡ್ ತೊಂದರೆ ಇಲ್ಲ, ಆದರೂ ಮುಂದಿನ ವಾರ ಅವರ ರಕ್ತಪರೀಕ್ಷೆ ಇದೆ. ನಿನ್ನೆ ಫೋನ್ ಮಾಡಿ ಬಾಟಲಿಯ ಹಿಂಬದಿ ಗಟ್ಟಿಯಾಗಿ ಓದಿಸಿದೆ. ಬಯೋಟಿನ್ ಬಂದ ಕಡೆ ನಿಲ್ಲಿಸಿ, "ಇವತ್ತಿಂದಲೇ ಒಳಗಿಡಿ, ರಕ್ತ ಕೊಟ್ಟು ಬಂದ ಮೇಲೆ ಬೇಕಾದರೆ ತೆಗೆಯಿರಿ" ಅಂದೆ. "ಅಷ್ಟು ಸಣ್ಣಕ್ಷರ ಯಾರೇ ಓದ್ತಾರೆ?" ಅಂದರು.