ಜೋಡಿ ವೆಬರ್ ಮ್ಯಾನಿಫೋಲ್ಡ್ ಕೊಳ್ಳುವ ಮುಂಚೆ ಬ್ರೇಕ್ ಬೂಸ್ಟರ್ ಹೋಸ್ ಬಗ್ಗೆ ಕೇಳಿ

ಹಳೆಯ ಕಾರ್ಬ್ಯುರೇಟರ್ ಮಾರುತಿ ಎಸ್ಟೀಮ್ ಕಾರಿಗೆ ಜೋಡಿ ವೆಬರ್ (ಗಾಳಿಗೆ ಪೆಟ್ರೋಲ್ ಬೆರೆಸುವ ವೆಬರ್ ಕಾರ್ಬ್ಯುರೇಟರ್ ಎರಡು) ಹಾಕಿಸಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಇದನ್ನು ಓದಿ. ನನ್ನ ತಮ್ಮನ ಕಾರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಕೊಡುವ ವ್ಯವಸ್ಥೆ) ಬರುವುದಕ್ಕೆ ಮುಂಚಿನ 1298 ಸಿಸಿ ಎಂಜಿನ್ ಅದು. ವಾಲ್ವ್ ತೆರೆಯುವ ಕ್ಯಾಮ್ ಬದಲಾಯಿಸಿ, ಹೆಡ್ ಪೋರ್ಟಿಂಗ್ (ಹೆಡ್‌ನ ಗಾಳಿ ದಾರಿ ತಿದ್ದುವುದು) ಮಾಡಿಸಿ ಆಗಿತ್ತು. ಗ್ಯಾರೇಜಿನವರು ಎರಡು 40 ಡಿಸಿಒಇ (ವೆಬರಿನ ಎರಡು ಬಾಯಿಯ ಮಾದರಿ) ಕೂರುವ ಹಾಗೆ ಕಬ್ಬಿಣದ ಪೈಪು ವೆಲ್ಡ್ ಮಾಡಿ ಮ್ಯಾನಿಫೋಲ್ಡ್ (ಕಾರ್ಬ್ಯುರೇಟರಿನಿಂದ ಸಿಲಿಂಡರಿಗೆ ಹೋಗುವ ಪೈಪುಗಳ ಜೋಡಣೆ) ತಯಾರಿಸಿದರು. "ನೇರವಾಗಿ ಕೂರುತ್ತೆ ಸಾರ್, ಬೇರೇನೂ ಮುಟ್ಟೋದು ಬೇಡ" ಅಂತ ಭರವಸೆ ಕೊಟ್ಟರು.

ಈ ಎಂಜಿನ್‌ನ ಮ್ಯಾನಿಫೋಲ್ಡ್ ಬರೀ ಗಾಳಿ, ಪೆಟ್ರೋಲ್ ಸಾಗುವ ದಾರಿಯಲ್ಲ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆಯುವ ಥರ್ಮೋಸ್ಟ್ಯಾಟ್ ಕೂರುವುದು ಅದರಲ್ಲೇ. ಬಿಸಿನೀರು ಹರಿಯುವುದೂ ಅದರೊಳಗೇ. ಅವರು ಥರ್ಮೋಸ್ಟ್ಯಾಟನ್ನೇ ಬಿಟ್ಟುಬಿಟ್ಟಿದ್ದರಿಂದ ಬೆಳಗಿನ ಹೊತ್ತು ಎಂಜಿನ್ ಬಿಸಿಯಾಗುತ್ತಲೇ ಇರಲಿಲ್ಲ. ಅದನ್ನಾದರೂ ಸಹಿಸಬಹುದಿತ್ತು.

ಸಹಿಸಲಾಗದ್ದು ಬ್ರೇಕ್. ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಗಾಳಿ ಎಳೆದಾಗ ಹುಟ್ಟುವ ವ್ಯಾಕ್ಯೂಮ್‌ನಿಂದ, ಅದು ಬೂಸ್ಟರಿಗೆ ಹೋಗುವುದು ಹೋಸ್ ಮೂಲಕ. ಕಂಪನಿ ಮ್ಯಾನಿಫೋಲ್ಡ್‌ನಲ್ಲಿ ನಾಲ್ಕೂ ಸಿಲಿಂಡರ್‌ಗಳ ದಾರಿ ಒಂದೇ ಕಾರ್ಬ್ಯುರೇಟರ್ ಕೆಳಗೆ ಸೇರುತ್ತದೆ. ಒಂದಾದ ಮೇಲೊಂದು ಎಳೆಯುತ್ತಲೇ ಇರುವುದರಿಂದ ಬೂಸ್ಟರಿಗೆ ವ್ಯಾಕ್ಯೂಮ್ ಒಂದೇ ಸಮ ಸಿಗುತ್ತದೆ. ಜೋಡಿ ವೆಬರ್‌ನಲ್ಲಿ ಒಂದೊಂದು ಸಿಲಿಂಡರಿಗೂ ಅದರದ್ದೇ ಥ್ರಾಟಲ್, ಅದರದ್ದೇ ಪೈಪು. ಒಂದೇ ಪೈಪಿನಿಂದ ಬೂಸ್ಟರಿಗೆ ಕೊಟ್ಟರೆ ಆ ಸಿಲಿಂಡರ್ ಎಳೆದಾಗ ಮಾತ್ರ ವ್ಯಾಕ್ಯೂಮ್, ಮರುಕ್ಷಣ ಇಲ್ಲ. ಓವರ್‌ಲ್ಯಾಪ್ (ಒಳ, ಹೊರ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು) ಜಾಸ್ತಿ ಇರುವ ಕ್ಯಾಮ್ ಹಾಕಿದ್ದರೆ ಐಡಲ್‌ನಲ್ಲಿ ಇನ್ನೂ ಕಡಿಮೆ. ಇವರು ಮೂರನೇ ಪೈಪಿಗೆ ಒಂದು ನಿಪ್ಪಲ್ ಬೆಸೆದು ಕೈತೊಳೆದುಕೊಂಡಿದ್ದರು. ಬೂಸ್ಟರಿನ ವ್ಯಾಕ್ಯೂಮ್ ಕಳೆದುಹೋಗದ ಹಾಗೆ ತಡೆಯಲು ಹೋಸ್‌ನಲ್ಲಿದ್ದ ಒನ್ ವೇ ವಾಲ್ವನ್ನೂ ತೆಗೆದು ಎಸೆದಿದ್ದರು. ಪೆಡಲ್ ಬಿಗಿ ಅನ್ನಿಸುತ್ತಿದೆ ಅಂತ ತಮ್ಮ ಹೇಳಿದಾಗ "ಪ್ಯಾಡ್ ಹೊಸದು, ಸರಿಹೋಗುತ್ತೆ" ಅಂದರಂತೆ.

ಚಾರ್ಮಾಡಿ ಘಾಟಿ ಇಳಿಯುವಾಗ, ತಿರುವಿನ ಮೇಲೆ ತಿರುವು, ಪೆಡಲ್ ಕಲ್ಲಾಯಿತು. ಎರಡನೇ ಗೇರಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ತಡೆಗೋಡೆಗೆ ಉಜ್ಜಿಕೊಂಡೇ ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ, ಮಗು. ನೆನೆದರೆ ನನಗೆ ಈಗಲೂ ಸಿಟ್ಟು ಉಕ್ಕಿ ಬರುತ್ತದೆ.

ಮಾಡಬೇಕಾದ ರೀತಿ ಹೀಗೆ: ನಾಲ್ಕೂ ಪೈಪಿನಿಂದ ಸಣ್ಣ ತೂತಿನ ಕೊಳವೆ ತೆಗೆದು ಒಂದು ಪುಟ್ಟ ಟ್ಯಾಂಕಿಗೆ ಸೇರಿಸಬೇಕು. ಅಲ್ಲಿಂದ ಒನ್ ವೇ ವಾಲ್ವ್ ಮೂಲಕ ಬೂಸ್ಟರಿಗೆ ಕೊಡಬೇಕು. ಇದನ್ನು ಮಾಡಿ ತೋರಿಸದವರ ಹತ್ತಿರ ಕೊಳ್ಳಲೇಬೇಡಿ.

ಬಿಚ್ಚಿದಾಗ ಇನ್ನೊಂದು ಬಯಲಾಯಿತು. ವೆಲ್ಡಿಂಗ್ ಬಿಸಿಗೆ ಮ್ಯಾನಿಫೋಲ್ಡ್‌ನ ಫ್ಲ್ಯಾಂಜ್ (ಹೆಡ್‌ಗೆ ಬಿಗಿಯುವ ತಟ್ಟೆ) ಬಾಗಿತ್ತು. ಆ ಸಂದಿಗೆ ಸಿಲಿಕೋನ್ ತುಂಬಿದ್ದರು. ಪೆಟ್ರೋಲ್ ತಾಗಿ ಅದು ಉಬ್ಬಿ ಕಿತ್ತುಬಂದಿತ್ತು. ನಾಲ್ಕನೇ ಸಿಲಿಂಡರ್ ಹೊರಗಿನ ಗಾಳಿ ಎಳೆದು, ಗಾಳಿಗೆ ತಕ್ಕ ಪೆಟ್ರೋಲ್ ಸಾಲದೆ, ಪ್ಲಗ್ ಬೆಳ್ಳಗಾಗಿ, ಎಕ್ಸಾಸ್ಟ್ ವಾಲ್ವ್ ಅಂಚು ಸುಟ್ಟಿತ್ತು. ವೆಲ್ಡಿಂಗ್ ಆದ ಮೇಲೆ ಫ್ಲ್ಯಾಂಜ್ ಮುಖವನ್ನು ಮಿಲ್ಲಿಂಗ್ ಮಾಡಿಸಿ ಸಮತಟ್ಟು ಮಾಡಲೇಬೇಕು. ದುಡ್ಡು ಕೊಡುವ ಮುಂಚೆ ಅದರ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಗ್ಯಾಸ್ಕೆಟನ್ನು ಹೆಡ್‌ಗೂ ಮ್ಯಾನಿಫೋಲ್ಡ್‌ಗೂ ಹಿಡಿದು ತೂತುಗಳು ಹೊಂದುತ್ತವೆಯೇ ನೋಡಿ. ಪೈಪಿಗೆ ದೊಡ್ಡ ಬಾಯಿ ಇದ್ದರೆ ಪವರ್ ಜಾಸ್ತಿ ಅನ್ನುವ ಮಾತು ನಂಬಬೇಡಿ. ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಸತ್ತು, ಪೆಟ್ರೋಲ್ ಪೈಪಿನ ಗೋಡೆಗೇ ಅಂಟಿಕೊಳ್ಳುತ್ತದೆ. ವೆಬರನ್ನು ರಬ್ಬರ್ ಒ-ರಿಂಗ್ ಇಲ್ಲದೆ ಗಟ್ಟಿಯಾಗಿ ಬಿಗಿದರೆ ನಡುಕಕ್ಕೆ ಫ್ಲೋಟ್ ಚೇಂಬರ್‌ನಲ್ಲಿ (ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲು) ಪೆಟ್ರೋಲ್ ನೊರೆ ಏಳುತ್ತದೆ.

ಬಿಚ್ಚಿದ ಕಂಪನಿ ಮ್ಯಾನಿಫೋಲ್ಡನ್ನು, ಥರ್ಮೋಸ್ಟ್ಯಾಟ್ ಮುಚ್ಚಳ, ಹೋಸ್, ವಾಲ್ವ್ ಸಮೇತ ಅವತ್ತೇ ಮನೆಗೆ ತನ್ನಿ. ತಮ್ಮನದ್ದನ್ನು ಗ್ಯಾರೇಜಿನವರು ಕೇಳದೆಯೇ ಗುಜರಿಗೆ ಹಾಕಿದ್ದರು. ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆ ಎಲ್ಲಾ ಸುತ್ತಿದರೂ ಬಿರುಕಿಲ್ಲದ ಒಂದು ಇನ್ನೂ ಸಿಕ್ಕಿಲ್ಲ.