ಈರುಳ್ಳಿಗೆ ಟ್ರೈಕೋಡರ್ಮಾ: ನಾಲ್ಕು ಮುಂಗಾರಿನ ಬಳಕೆಯ ಮೇಲೆ

ಬುಡದ ರೋಗಕ್ಕೆ 5ರಲ್ಲಿ 4 ಅಂಕ, ಎಲೆಯ ರೋಗಕ್ಕೆ 1. ಟಾಲ್ಕ್ ಪುಡಿಯಲ್ಲಿ ಬರುವ ಟ್ರೈಕೋಡರ್ಮಾ ವಿರಿಡೆ, ಅಂದರೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ, 1 ಕೆಜಿ ಪೊಟ್ಟಣ. ಬುಡ ಕೊಳೆಗೆ ಇದನ್ನು ಧೈರ್ಯವಾಗಿ ಹೇಳಬಹುದು. ಎಲೆಗೆ ಬರುವ ನೇರಳೆ ಮಚ್ಚೆ ರೋಗಕ್ಕೂ ಇದೇ ಸಾಕೆಂದು ಕೂತರೆ ಹೊಲ ಕೈತಪ್ಪುತ್ತದೆ.

ಬುಡ ಕೊಳೆ ತರುವ ಫ್ಯುಸೇರಿಯಂ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಲ್ಲೇ ಉಳಿಯುವಂಥದ್ದು. ಎಲೆ ತುದಿಯಿಂದ ಹಳದಿ ಇಳಿಯುತ್ತದೆ, ಗಿಡ ಹಿಡಿದೆಳೆದರೆ ಬೇರಿಲ್ಲದೆ ಸಲೀಸಾಗಿ ಕಿತ್ತು ಬರುತ್ತದೆ, ಗಡ್ಡೆಯ ತಳದಲ್ಲಿ ಬಿಳಿ ಬೂಸ್ಟು. ಅಷ್ಟಾದ ಮೇಲೆ ಏನು ಸುರಿದರೂ ಆ ಗಿಡ ಉಳಿಯದು. ಟ್ರೈಕೋಡರ್ಮಾ ಅದಕ್ಕಿಂತ ಮೊದಲೇ ಬೇರಿನ ಸುತ್ತ ಜಾಗ ಹಿಡಿದಿರಬೇಕು.

ಪೊಟ್ಟಣ ಒಡೆದು ಒಣ ಮಣ್ಣಿಗೆ ಎರಚುವುದು ದುಡ್ಡು ದಂಡ. ಎಕರೆಗೆ 2 ಕೆಜಿ ಪುಡಿಯನ್ನು ಪೂರ್ತಿ ಕಳಿತ 100 ಕೆಜಿ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿಯಲ್ಲಿ ಬೆರೆಸಿ, ನೆರಳಲ್ಲಿ ಒಂದಡಿ ಎತ್ತರದ ರಾಶಿ ಮಾಡಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು, ಹದ ಅಷ್ಟೇ. ಒದ್ದೆ ಗೋಣಿಚೀಲ ಹೊದಿಸಿ ಮೂರು ದಿನಕ್ಕೊಮ್ಮೆ ತಿರುವಿ ಹಾಕಿ. 12ರಿಂದ 15 ದಿನಕ್ಕೆ ರಾಶಿಯ ಮೇಲೆ ಹಸಿರು ಬೂಸ್ಟು ಬರುತ್ತದೆ, ಟ್ರೈಕೋಡರ್ಮಾದ ಕೆಲವು ತಳಿಗಳಲ್ಲಿ ಕೊಬ್ಬರಿಯ ವಾಸನೆ ಕೂಡ. ಮಣ್ಣಿಗೆ ಸೇರಿಸುವುದು ಆಗ. ಹಸಿ ಸಗಣಿ ಸೇರಿದರೆ ರಾಶಿಗೆ ಕಾವು ಏರಿ ಒಳಗಿನ ಜೀವ ಸಾಯುತ್ತದೆ. ಕೈ ತೂರಿಸಿದಾಗ ಬಿಸಿ ತಾಗಿದರೆ ಕೂಡಲೇ ಹರವಿ.

ಬೀಜೋಪಚಾರಕ್ಕೆ ಕೆಜಿಗೆ 5ರಿಂದ 10 ಗ್ರಾಂ, ತಣ್ಣಗಿನ ಗಂಜಿ ತಿಳಿಯಲ್ಲಿ ಕಲಸಿ, ನೆರಳಲ್ಲಿ ಆರಿಸಿ ಬಿತ್ತನೆ. ಬಣ್ಣ ಹಚ್ಚಿ ಬರುವ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುವುದುಂಟು, ಚೀಟಿ ಓದಿ ನೋಡಿ. ಟ್ರೈಕೋಡರ್ಮಾವೂ ಶಿಲೀಂಧ್ರವೇ ಅಲ್ಲವೇ? ಇದನ್ನು ಕೊಟ್ಟ ವಾರದಲ್ಲೇ ಕಾರ್ಬೆಂಡಜಿಮ್ ಶಿಲೀಂಧ್ರನಾಶಕವನ್ನು ಬುಡಕ್ಕೆ ಹೊಯ್ದು, ‘ಜೈವಿಕ ಕೆಲಸ ಮಾಡಲ್ಲ’ ಅನ್ನುವವರು ಬೇಕಾದಷ್ಟು ಜನ.

ದೂರು ಇರುವುದು ಪೊಟ್ಟಣದ ಬಗ್ಗೆ. ಅಂಗಡಿಯಲ್ಲಿ ತಗಡಿನ ಸೂರಿನಡಿ ಬೇಸಿಗೆಯಿಡೀ ಬೆಂದ ಸರಕು ಬರೀ ಟಾಲ್ಕ್. ತಯಾರಾದ ದಿನಾಂಕ ನೋಡುವುದಷ್ಟೇ ಸಾಲದು. ಅರೆ ಬೆಂದ, ಆರಿದ ಅನ್ನದ ಮೇಲೆ ಒಂದು ಚಿಟಿಕೆ ಉದುರಿಸಿ, ಮುಚ್ಚಿ, ಐದು ದಿನ ಇಡಿ. ಹಸಿರು ಹಬ್ಬಿದರೆ ಸರಿ. ಬರೀ ಕಪ್ಪು ಬೂಸ್ಟು ಬಂದರೆ ಹಿಂದಿರುಗಿಸಿ.

ಎಲೆಯ ವಿಷಯ ಬೇರೆ. ಥ್ರಿಪ್ಸ್ ಎಂಬ ಸಣ್ಣ ಕೀಟ ಕೆರೆದ ಗಾಯದಿಂದ ನೇರಳೆ ಮಚ್ಚೆಗೆ ದಾರಿ ಸಲೀಸು, ಹಾಗಾಗಿ ಮೊದಲು ಥ್ರಿಪ್ಸ್ ಹಿಡಿತಕ್ಕೆ ಬರಬೇಕು. 5 ಕೆಜಿ ಬೇವಿನ ಬೀಜದ ಪುಡಿಯನ್ನು ರಾತ್ರಿಯಿಡೀ 10 ಲೀಟರ್ ನೀರಲ್ಲಿ ನೆನೆಸಿ, ಸೋಸಿ, 100 ಲೀಟರಿಗೆ ಏರಿಸಿ ಸಂಜೆ ಹೊತ್ತು ಸಿಂಪಡಿಸಿ. ಈರುಳ್ಳಿ ಎಲೆಗೆ ಮೇಣವಿರುವುದರಿಂದ ಅಂಟು ದ್ರಾವಣ ಹಾಕದಿದ್ದರೆ ಹನಿ ಜಾರಿ ನೆಲಕ್ಕೆ ಬೀಳುತ್ತದೆ. ಜಡಿಮಳೆ, ಮೋಡ ಮೂರು ನಾಲ್ಕು ದಿನ ಹಿಡಿದರೆ ಬೇವು ಸಾಲದು. ಆಗ ಹಟ ಬಿಟ್ಟು ಮ್ಯಾಂಕೋಜೆಬ್ ಶಿಲೀಂಧ್ರನಾಶಕ, ಲೀಟರಿಗೆ 2.5 ಗ್ರಾಂ. ಎಲೆ, ಕತ್ತು ಸುರುಳಿ ಸುತ್ತುವ ಟ್ವಿಸ್ಟರ್ ರೋಗಕ್ಕಂತೂ ಟ್ರೈಕೋಡರ್ಮಾ ಪುಡಿ ಮದ್ದಲ್ಲ.

ಗದಗ ಕಡೆಯಂಥ ಎರೆ ಭೂಮಿಯಲ್ಲಿ ನೀರು ನಿಂತರೆ ಬುಡ ಕೊಳೆಗೂ ಇದರ ಆಟ ನಡೆಯದು. ಅಲ್ಲಿ ಮೊದಲು ಏರು ಮಡಿ, ಬಸಿಗಾಲುವೆ, ಆಮೇಲೆ ಪೊಟ್ಟಣ.