ಜರ್ಮನಿಯ ವಿದ್ಯಾರ್ಥಿ ಸಭೆಗಳು: ಬೆಳಗಾವಿ ಕಡೆಯ ಕ್ರೈಸ್ತ ವಿದ್ಯಾರ್ಥಿಗೆ ಎಷ್ಟು ಆಸರೆ?

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಜರ್ಮನಿಯ ವಿಶ್ವವಿದ್ಯಾಲಯದ ಊರುಗಳಲ್ಲಿ ಚರ್ಚುಗಳು ನಡೆಸುವ ವಿದ್ಯಾರ್ಥಿ ಸಭೆಗಳು ಊಟಕ್ಕೆ, ಗೆಳೆತನಕ್ಕೆ, ಕಷ್ಟಕಾಲದ ಹಣಕ್ಕೆ, ಮನಸ್ಸು ಬಿಚ್ಚಿ ಮಾತಾಡಲಿಕ್ಕೆ ಬಹಳ ಒಳ್ಳೆಯ ಜಾಗ. ವಾರವಾರದ ಆರಾಧನೆಗೆ ಮಾತ್ರ ಅದೊಂದನ್ನೇ ನಂಬಬೇಡಿ. ವರ್ಷದಲ್ಲಿ ಸುಮಾರು ಐದು ತಿಂಗಳು ಅಲ್ಲಿ ಹೆಚ್ಚಿನ ಕಾರ್ಯಕ್ರಮಗಳು ನಿಂತಿರುತ್ತವೆ. ನಮ್ಮ ಮಕ್ಕಳು ಹೋಗಿ ಇಳಿಯುವುದೂ ಅದೇ ತಿಂಗಳುಗಳಲ್ಲಿ.

ಪ್ರೊಟೆಸ್ಟಂಟ್ ವಿದ್ಯಾರ್ಥಿ ಸಭೆಗೆ ಇ.ಎಸ್.ಜಿ. ಎಂದು ಹೆಸರು, ಅಲ್ಲಿಯವರ ಬಾಯಲ್ಲಿ 'ಏ-ಎಸ್-ಗೇ'. ಕಥೋಲಿಕ ಸಭೆಗೆ ಕೆ.ಎಚ್.ಜಿ., ಅಂದರೆ 'ಕಾ-ಹಾ-ಗೇ'. ಕೆಲವು ಊರುಗಳಲ್ಲಿ ಇದನ್ನೇ ಕೆ.ಎಸ್.ಜಿ. ಎನ್ನುತ್ತಾರೆ, ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ. ಇವು ಸ್ವತಂತ್ರ ಗುಂಪುಗಳಲ್ಲ. ಪ್ರಾಂತ್ಯದ ಚರ್ಚ್ ಅಥವಾ ಧರ್ಮಪ್ರಾಂತ್ಯ ಸಂಬಳ ಕೊಟ್ಟು ನೇಮಿಸಿದ ಸಭಾಪಾಲಕರು ಅಥವಾ ಫಾದರ್, ಒಂದು ಕಚೇರಿ, ಒಂದು ಅಡುಗೆಮನೆ, ಕೂತು ಮಾತಾಡುವ ಕೋಣೆ, ಚಿಕ್ಕ ಪ್ರಾರ್ಥನಾಲಯ, ಕೆಲವು ಕಡೆ ಹಾಸ್ಟೆಲ್ಲೂ ಇರುತ್ತದೆ. ಹಾಸ್ಟೆಲ್ ಇರುವ ಊರಾದರೆ ಅಡ್ಮಿಷನ್ ಪತ್ರ ಕೈಗೆ ಬಂದ ದಿನವೇ ಅರ್ಜಿ ಹಾಕಿ. ವಿಶ್ವವಿದ್ಯಾಲಯದ ಸಾಮಾನ್ಯ ಹಾಸ್ಟೆಲ್ ಅರ್ಜಿಗಿಂತ ಇದು ಬೇರೆ. ಇಲ್ಲಿ ಸಾಮಾನ್ಯವಾಗಿ ನೀವು ಯಾರು, ಒಟ್ಟಿಗೆ ಬಾಳಲಿಕ್ಕೆ ಏನು ಮಾಡಬಲ್ಲಿರಿ ಎಂದು ಒಂದು ಪುಟದ ಪತ್ರ ಕೇಳುತ್ತಾರೆ. ಊರ ಚರ್ಚಿನಲ್ಲಿ ಸಂಡೇ ಸ್ಕೂಲ್ ಕಲಿಸಿದ್ದು, ಕ್ವಾಯರ್‌ನಲ್ಲಿ ಹಾಡಿದ್ದು, ಕ್ರಿಸ್ಮಸ್ ನಾಟಕಕ್ಕೆ ದುಡಿದದ್ದು, ಎಲ್ಲವನ್ನೂ ಆ ಪತ್ರದಲ್ಲಿ ಬರೆಯಿರಿ. ಮಾರ್ಕ್ಸ್ ಕಾರ್ಡಿಗಿಂತ ಅದಕ್ಕೆ ತೂಕ ಹೆಚ್ಚು.

ಈಗ ಕ್ಯಾಲೆಂಡರಿನ ತೊಂದರೆ. ಜರ್ಮನಿಯ ಚಳಿಗಾಲದ ಸೆಮಿಸ್ಟರ್‌ನ ತರಗತಿಗಳು ಸಾಮಾನ್ಯವಾಗಿ ಅಕ್ಟೋಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ, ಬೇಸಿಗೆಯವು ಏಪ್ರಿಲ್ ನಡುವಿನಿಂದ ಜುಲೈ ಕೊನೆಯವರೆಗೆ ನಡೆಯುತ್ತವೆ. ವಿದ್ಯಾರ್ಥಿ ಸಭೆಯ ಕಾರ್ಯಕ್ರಮಗಳೂ ಅಷ್ಟೇ ದಿನ. ವೀಸಾ ಸಿಕ್ಕ ಕೂಡಲೇ ಸೆಪ್ಟೆಂಬರ್‌ನಲ್ಲಿ ಹೋಗಿ ಇಳಿದವರಿಗೆ, ಮನೆಯ ನೆನಪು ಅತಿ ಹೆಚ್ಚು ಕಾಡುವ ಆ ಮೊದಲ ಐದಾರು ವಾರ, ಮುಚ್ಚಿದ ಬಾಗಿಲು ಮತ್ತು ಅಕ್ಟೋಬರ್ ಕಾರ್ಯಕ್ರಮದ ಒಂದು ಪೋಸ್ಟರ್ ಕಾಣುತ್ತವೆ. ಇಷ್ಟು ಒಳ್ಳೆಯ ವ್ಯವಸ್ಥೆಯಲ್ಲಿ ನಮಗೆ ಅತಿ ದೊಡ್ಡ ಕೊರತೆಯಾಗಿ ಕಾಣುವುದು ಇದೇ. ಹಾಗಾಗಿ ಮೊದಲ ಭಾನುವಾರ ನೀವಿರುವ ಬಡಾವಣೆಯ ಚರ್ಚಿಗೇ ಹೋಗಿ. ಆರಾಧನೆ ಹೆಚ್ಚಾಗಿ ಬೆಳಿಗ್ಗೆ 9:30 ಅಥವಾ 10ಕ್ಕೆ. ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲಿ ಗಂಟೆಯ ಮುಂದೆ 'ಸಿ.ಟಿ.' ಎಂದಿದ್ದರೆ ಕಾಲು ಗಂಟೆ ತಡವಾಗಿ ಶುರು ಎಂದರ್ಥ. ಆ ರೂಢಿ ಚರ್ಚಿಗಿಲ್ಲ. ಗಂಟೆ ಬಾರಿಸುವುದು ನಿಂತೊಡನೆ ಆರ್ಗನ್ ಶುರುವಾಗುತ್ತದೆ. ಗೋಡೆಯ ಮೇಲಿನ ಹಲಗೆಯಲ್ಲಿ ಕಾಣುವ ಅಂಕಿಗಳು ಹಾಡಿನ ಪುಸ್ತಕದವು. ಪುಸ್ತಕ ಬಾಗಿಲ ಬಳಿಯೇ ಇರುತ್ತದೆ, ಮುಗಿದ ಮೇಲೆ ಅಲ್ಲೇ ಇಡಬೇಕು. ಗುಳೇದಗುಡ್ಡ, ವಿಜಯಪುರ ಕಡೆಯ ಬಾಸೆಲ್ ಮಿಷನ್ ಪರಂಪರೆಯ ಮನೆಯವರಿಗೆ ಇಲ್ಲೊಂದು ಸಂತೋಷ ಕಾದಿದೆ: ಭಾಷೆ ತಿಳಿಯದಿದ್ದರೂ ಎಷ್ಟೋ ರಾಗಗಳು ಬಾಲ್ಯದಿಂದ ಹಾಡಿದವೇ. ಆ ರಾಗಗಳು ನಮ್ಮ ಕನ್ನಡ ಗೀತಪುಸ್ತಕಕ್ಕೆ ಬಂದದ್ದು ಅಲ್ಲಿಂದಲೇ.

ಎರಡನೆಯ ವಿಷಯ, ನಮೂನೆಯಲ್ಲಿನ 'ಧರ್ಮ' ಎಂಬ ಕಾಲಂ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಪಾಸ್‌ಪೋರ್ಟ್ ಮತ್ತು ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಅದೇ ನಮೂನೆಯಲ್ಲಿ ಧರ್ಮ ಕೇಳುತ್ತಾರೆ. 'ಏನೂ ಇಲ್ಲ ಅಂತ ಬರಿ, ಇಲ್ಲಾಂದ್ರ ಟ್ಯಾಕ್ಸ್ ಹಿಡಿತಾರ' ಎಂದು ಸೀನಿಯರ್‌ಗಳು ಹೇಳುವುದು ಸಾಮಾನ್ಯ. ಈ ಮಾತಿಗೆ ಹೆದರಿ ಸುಳ್ಳು ಬರೆಯುವ ಮೊದಲು ಲೆಕ್ಕ ನೋಡಿ. ಚರ್ಚ್ ತೆರಿಗೆ ನಿಮ್ಮ ಸಂಬಳದ ಮೇಲಲ್ಲ, ನೀವು ಕಟ್ಟುವ ಆದಾಯ ತೆರಿಗೆಯ ಮೇಲೆ: ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಶೇ. 8, ಉಳಿದ ರಾಜ್ಯಗಳಲ್ಲಿ ಶೇ. 9. ಆದಾಯ ತೆರಿಗೆಯೇ ಬಾರದಿದ್ದರೆ ಚರ್ಚ್ ತೆರಿಗೆಯೂ ಸೊನ್ನೆ. 2025ರಲ್ಲಿ ವರ್ಷಕ್ಕೆ 12,096 ಯುರೋವರೆಗಿನ ಆದಾಯಕ್ಕೆ ತೆರಿಗೆ ಇರಲಿಲ್ಲ. ಬ್ಲಾಕ್ಡ್ ಅಕೌಂಟಿನಿಂದ, ಅಂದರೆ ವೀಸಾಕ್ಕಾಗಿ ಮೊದಲೇ ಹಣ ಕಟ್ಟಿಟ್ಟ ಖಾತೆಯಿಂದ, ತಿಂಗಳಿಗೆ ಬರುವುದು (2025ರಲ್ಲಿ 992 ಯುರೋ) ನಿಮ್ಮದೇ ಹಣ, ಆದಾಯವಲ್ಲ. ಅಂದರೆ ಓದುವ ಕಾಲದಲ್ಲಿ ಸಣ್ಣ ಕೆಲಸ ಮಾಡುವ ಬಹುತೇಕ ವಿದ್ಯಾರ್ಥಿಗಳ ಜೇಬಿಂದ ಏನೂ ಹೋಗುವುದಿಲ್ಲ. ಓದು ಮುಗಿದು ಪೂರ್ಣ ಕೆಲಸ ಸಿಕ್ಕ ಮೇಲೆ ತಿಂಗಳಿಗೆ 500 ಯುರೋ ಆದಾಯ ತೆರಿಗೆ ಬಂತು ಅನ್ನಿ, ಆಗ ಚರ್ಚಿಗೆ 40 ಅಥವಾ 45 ಯುರೋ.

ಯಾರು ಏನು ಬರೆಯಬೇಕು ಎಂಬುದು ನಿಮ್ಮ ಚರ್ಚಿನ ಚರಿತ್ರೆಯನ್ನೇ ಅವಲಂಬಿಸಿದೆ, ಇದನ್ನು ವಿವರಿಸಿ ಹೇಳುವವರು ಕಡಿಮೆ. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯದ ಕಥೋಲಿಕರು ಎಲ್ಲಿ ಹೋದರೂ ಕಥೋಲಿಕರೇ; ಹಾಗೆಯೇ ಬರೆಯಬೇಕು. ಮುಂದೆ ಕಾಗದದ ಮೇಲೆ ಚರ್ಚ್ ಬಿಟ್ಟೆವೆಂದು ಅಧಿಕೃತವಾಗಿ ಘೋಷಿಸಿದರೆ, ಜರ್ಮನ್ ಬಿಷಪರ ಮಂಡಳಿಯ 2012ರ ಆದೇಶದ ಪ್ರಕಾರ ಪರಮಪ್ರಸಾದ, ಪಾಪನಿವೇದನೆ ಸಹಿತ ಸಂಸ್ಕಾರಗಳು ಸಿಗುವುದಿಲ್ಲ, ಧರ್ಮಪಿತೃ ಆಗಿ ನಿಲ್ಲುವಂತಿಲ್ಲ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು 'ಎವಾಂಗೆಲಿಶ್', ಅಂದರೆ ಜರ್ಮನ್ ಮಾತಿನಲ್ಲಿ ಪ್ರೊಟೆಸ್ಟಂಟ್, ಎಂದು ಬರೆದರೆ ಆ ಪ್ರಾಂತ್ಯದ ಪ್ರೊಟೆಸ್ಟಂಟ್ ಚರ್ಚಿನ ಸದಸ್ಯರಾಗುತ್ತಾರೆ. ಬೆಳಗಾವಿಯ ಮೆಥೋಡಿಸ್ಟರ ಮಾತು ಬೇರೆ. ಲಂಡನ್ ಮಿಷನ್ 1820ರಲ್ಲಿ ಬೆಳಗಾವಿಯಲ್ಲಿ ಶುರುಮಾಡಿದ ಕೆಲಸ 1904ರಲ್ಲಿ ಮೆಥೋಡಿಸ್ಟರ ಕೈಗೆ ಬಂತು. ಜರ್ಮನಿಯಲ್ಲಿ ಮೆಥೋಡಿಸ್ಟ್ ಚರ್ಚ್ ಸ್ವತಂತ್ರ ಚರ್ಚುಗಳ ಸಾಲಿಗೆ ಸೇರಿದ್ದು, ತೆರಿಗೆ ವಸೂಲಿ ಮಾಡುವುದಿಲ್ಲ, ಕಾಣಿಕೆಯ ಮೇಲೆಯೇ ನಡೆಯುತ್ತದೆ. ಆ ಚರ್ಚಿನ ಹೆಸರಿನಲ್ಲೇ 'ಎವಾಂಗೆಲಿಶ್' ಎಂಬ ಪದವಿರುವುದರಿಂದ ಗೊಂದಲವಾಗಿ, ಮೆಥೋಡಿಸ್ಟ್ ಹುಡುಗರು ಬರೀ ಆ ಒಂದು ಪದ ಬರೆದು ತಮಗೇ ತಿಳಿಯದೆ ಪ್ರಾಂತ್ಯದ ಚರ್ಚಿಗೆ ಸೇರಿಬಿಡಬಹುದು. 1987ರಿಂದ ಈ ಎರಡೂ ಚರ್ಚುಗಳು ಪರಸ್ಪರರ ಪ್ರಸಂಗಪೀಠವನ್ನೂ ಕರ್ತನ ಭೋಜನವನ್ನೂ ಒಪ್ಪಿಕೊಂಡಿವೆ, ಆದ್ದರಿಂದ ಇ.ಎಸ್.ಜಿ.ಯಲ್ಲಿ ಮೆಥೋಡಿಸ್ಟರಿಗೆ ಯಾವ ಅಡ್ಡಿಯೂ ಇಲ್ಲ.

ಊರು ಬಿಡುವ ಮುನ್ನ ದೀಕ್ಷಾಸ್ನಾನ ಮತ್ತು ದೃಢೀಕರಣದ (ಕನ್ಫರ್ಮೇಶನ್) ಪ್ರಮಾಣಪತ್ರಗಳನ್ನು ಇಂಗ್ಲಿಷಿನಲ್ಲಿ ತೆಗೆದುಕೊಳ್ಳಿ. ಚರ್ಚಿನ ರಿಜಿಸ್ಟರಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಸೇರಿ ಇನ್ನೊಂದು ಇರುವುದು ನಮ್ಮ ಕಡೆ ಮಾಮೂಲು. ಎರಡೂ ಹೆಸರು ಒಬ್ಬರದೇ ಎಂದು ಊರ ಸಭಾಪಾಲಕರು ಅಥವಾ ಫಾದರ್ ಸಹಿ, ಮುದ್ರೆ ಹಾಕಿಕೊಟ್ಟ ಎರಡು ಸಾಲಿನ ಪತ್ರ ಜೊತೆಗಿರಲಿ. ಅದನ್ನು ಜರ್ಮನಿಯಿಂದ ತರಿಸಿಕೊಳ್ಳುವುದು ತಿಂಗಳ ಕೆಲಸ.

ಇನ್ನು ಒಳಗಿನ ಸೇವೆ. ವಾರದ ಮುಖ್ಯ ದಿನ ಸಾಮಾನ್ಯವಾಗಿ ಒಂದು ಸಂಜೆ: ಕಿರು ಆರಾಧನೆ, ಒಟ್ಟಿಗೆ ಊಟ, ಆಮೇಲೆ ಒಂದು ವಿಷಯದ ಮೇಲೆ ಮಾತು. ಕೆ.ಎಚ್.ಜಿ.ಗಳಲ್ಲಿ ಭಾನುವಾರ ಸಂಜೆಯ ಬಲಿಪೂಜೆ ಇರುವುದು ಹೆಚ್ಚು. ಭಾಷೆ ಬಹುಮಟ್ಟಿಗೆ ಜರ್ಮನ್, ಊಟದ ಮೇಜಿನಲ್ಲಿ ಇಂಗ್ಲಿಷ್. ಹೊಸಬರನ್ನು ಎರಡನೆಯ ವಾರವೇ ತಟ್ಟೆ ತೊಳೆಯಲು ಕರೆಯುತ್ತಾರೆ. ಅದು ಅಗೌರವವಲ್ಲ, ಒಳಗೆ ಸೇರಿಸಿಕೊಂಡ ಗುರುತು. ಹಾಗೆಯೇ ಫ್ರಿಜ್‌ನಲ್ಲಿ ಬಿಯರ್ ಕಂಡು ನಮ್ಮ ಮಕ್ಕಳು ಗಾಬರಿಯಾಗುವುದುಂಟು. ಕುಡಿಯದವರನ್ನು ಯಾರೂ ಒತ್ತಾಯಿಸುವುದಿಲ್ಲ. ಕರ್ತನ ಭೋಜನದಲ್ಲಿ ಕೊಡುವುದು ವೈನೋ ದ್ರಾಕ್ಷಿ ಹಣ್ಣಿನ ರಸವೋ ಎಂದು ಮೊದಲೇ ಕೇಳಿಕೊಳ್ಳಬಹುದು. ಮೆಥೋಡಿಸ್ಟ್ ಚರ್ಚಿನಲ್ಲಿ ದ್ರಾಕ್ಷಿ ಹಣ್ಣಿನ ರಸವೇ ರೂಢಿ.

ದೇಶದ ಸಂಜೆ ಎಂಬ ಒಂದು ಕಾರ್ಯಕ್ರಮ ಇರುತ್ತದೆ, ವಿದ್ಯಾರ್ಥಿಗಳು ತಮ್ಮ ನಾಡಿನ ಅಡುಗೆ ಮಾಡಿ ಬಡಿಸುವುದು. ಇದನ್ನು ಮೈಮೇಲೆ ಎಳೆದುಕೊಂಡು ಮಾಡಿ, ಗೆಳೆತನ ಬೆಳೆಯಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಬೆಳಗಾವಿಯ ಕುಂದಾ ಒಯ್ಯುವ ಆಸೆ ಬಿಡಿ: ಯುರೋಪ್ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಲಗೇಜಿನಲ್ಲಿ ತರುವುದು ನಿಷಿದ್ಧ, ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ ಹೋಗುತ್ತದೆ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗೆ ಆ ತೊಂದರೆ ಇಲ್ಲ. 25 ಜನಕ್ಕೆ ಬಿಸಿ ರೊಟ್ಟಿಯನ್ನೇ ಬಡಿಯುವುದಾದರೆ 2 ಕಿಲೋ ಜೋಳದ ಹಿಟ್ಟು ಸಾಕು, ಮೂವತ್ತೈದು ನಲವತ್ತು ರೊಟ್ಟಿಯಾಗುತ್ತವೆ. ಅಲ್ಲಿನ ಇಂಡಿಯನ್ ಅಂಗಡಿಯ ಹಿಟ್ಟು ಎಷ್ಟೋ ತಿಂಗಳ ಹಿಂದೆ ಬೀಸಿದ್ದು, ಜಿಗಿ ಹೋಗಿರುತ್ತದೆ, ತಣ್ಣೀರಲ್ಲಿ ಕಲಸಿದರೆ ಅಂಚು ಬಿರಿಯುತ್ತದೆ. ಕುದಿಯುವ ಎಸರು ಹಾಕಿ, ಹತ್ತು ನಿಮಿಷ ಮುಚ್ಚಿಟ್ಟು, ಆಮೇಲೆ ಚೆನ್ನಾಗಿ ನಾದಿ. ಗಾಜಿನ ಎಲೆಕ್ಟ್ರಿಕ್ ಒಲೆಯಲ್ಲಿ ಉರಿ ಇಲ್ಲ, ಹಂಚು ಕಾಯಲು ಏಳೆಂಟು ನಿಮಿಷ ಬೇಕು, ರೊಟ್ಟಿ ಉಬ್ಬಿಸಲು ಬಟ್ಟೆಯಿಂದ ಒತ್ತಬೇಕು. ಹಿಂಡಿಯ ಡಬ್ಬಿಯ ಮುಂದೆ 'ಶೇಂಗಾ ಇದೆ' ಎಂದು ಜರ್ಮನ್ ಭಾಷೆಯಲ್ಲಿ ಚೀಟಿ ಇಡಲೇಬೇಕು. ಶೇಂಗಾ ಅಲರ್ಜಿ ಪ್ರಾಣಕ್ಕೇ ಬರುವಂಥದ್ದು.

ಹಣದ ನೆರವು ಈ ಸೇವೆಯ ಅತಿ ಬೆಲೆಯುಳ್ಳ ಭಾಗ, ಅತಿ ಕಡಿಮೆ ಗೊತ್ತಿರುವ ಭಾಗವೂ ಹೌದು. ಇ.ಎಸ್.ಜಿ. ಮೂಲಕ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ವಿದ್ಯಾರ್ಥಿಗಳಿಗೆ ತುರ್ತು ನಿಧಿ ಇದೆ, ಯಾವ ಧರ್ಮದವರಾದರೂ ಸರಿ. ಇದು ಸ್ಕಾಲರ್‌ಶಿಪ್ ಅಲ್ಲ. ಮನೆಯಲ್ಲಿ ಸಾವು, ಕಾಯಿಲೆ, ಕೆಲಸ ಹೋದದ್ದು, ಥೀಸಿಸ್‌ನ ಕೊನೆಯ ತಿಂಗಳು ಹೀಗೆ ಎಣಿಸದೆ ಬಂದ ಕಷ್ಟಕ್ಕೆ. ವಿದ್ಯಾರ್ಥಿ ಪ್ರಮಾಣಪತ್ರ, ವಾಸದ ಪರವಾನಗಿ, ಅಂಕಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ತಿಂಗಳ ಖರ್ಚಿನ ಪಟ್ಟಿ ಹಿಡಿದುಕೊಂಡು ಸಮಯ ಗೊತ್ತುಮಾಡಿಕೊಂಡು ಹೋಗಿ. ಎಡವುವುದು ಒಂದೇ ಕಡೆ: ನಾಚಿಕೆಯಿಂದ ಎರಡು ತಿಂಗಳ ಬಾಡಿಗೆ ಬಾಕಿಯಾಗುವವರೆಗೆ ಸುಮ್ಮನಿರುವುದು. ಮೊದಲ ತಿಂಗಳೇ ಹೋದರೆ ಅವರ ಕೈಯಲ್ಲಿ ದಾರಿಗಳು ಹೆಚ್ಚು. ಇದರ ಜೊತೆಗೆ ಸ್ಟೂಬೆ ಎಂಬ ಹೆಸರಿನಲ್ಲಿ, ಇದೇ ಖಂಡಗಳ ವಿದ್ಯಾರ್ಥಿಗಳಿಗೆ ವಾರಾಂತ್ಯದ ಶಿಬಿರಗಳು ನಡೆಯುತ್ತವೆ. ಊಟ, ವಸತಿ ಸೇರಿ ಸಣ್ಣ ಶುಲ್ಕ.

ಮನಸ್ಸು ಕುಗ್ಗಿದಾಗ ವಿದ್ಯಾರ್ಥಿ ಸಭೆಯ ಸಭಾಪಾಲಕರ ಬಳಿ ಮಾತಾಡುವುದು ಉಚಿತ, ಗುಟ್ಟು ಹೊರಗೆ ಹೋಗುವುದಿಲ್ಲ, ಪರೀಕ್ಷೆಯಲ್ಲಿ ಫೇಲಾದದ್ದು ಊರಿಗೆ ತಲುಪುವ ಭಯವಿಲ್ಲ. ನವೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲಾಗುವ ದಿನಗಳಲ್ಲಿ ಈ ಬಾಗಿಲು ತಟ್ಟುವುದಕ್ಕೆ ಸಂಕೋಚ ಬೇಡ. ರಾತ್ರಿ ಹೊತ್ತಿಗೆ ಚರ್ಚುಗಳು ನಡೆಸುವ ದೂರವಾಣಿ ಸಾಂತ್ವನ ಸೇವೆ 0800 1110111 ದಿನದ 24 ಗಂಟೆಯೂ ಉಚಿತ, ಮುಖ್ಯವಾಗಿ ಜರ್ಮನ್ ಭಾಷೆಯಲ್ಲಿ.

ಬೈಬಲ್ ಅಧ್ಯಯನವೇ ಮುಖ್ಯ ಎನ್ನುವವರಿಗೆ ವಿದ್ಯಾರ್ಥಿ ಸಭೆ ಸಪ್ಪೆ ಎನಿಸಬಹುದು. ಅಲ್ಲಿನ ಚರ್ಚೆಗಳು ಸಮಾಜ, ಪರಿಸರ, ಶಾಂತಿಯ ಕಡೆಗೆ ಹೆಚ್ಚು ವಾಲುತ್ತವೆ. ಊರಲ್ಲಿ ಇ.ಯು. (ಇವ್ಯಾಂಜೆಲಿಕಲ್ ಯೂನಿಯನ್) ವಿದ್ಯಾರ್ಥಿ ಕೂಟಗಳಲ್ಲಿ ಬೆಳೆದವರು 1949ರಲ್ಲಿ ಹುಟ್ಟಿದ ಎಸ್.ಎಂ.ಡಿ. ಎಂಬ ಜರ್ಮನ್ ವಿದ್ಯಾರ್ಥಿ ಮಿಷನ್‌ನ ಗುಂಪನ್ನು ಹುಡುಕಲಿ. ಎರಡೂ ಒಂದೇ ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯ ಸಂಘಟನೆಗಳು, ಐದಾರು ಜನ ಸುತ್ತ ಕೂತು ವಾಕ್ಯ ಓದುವ ಕ್ರಮವೂ ಒಂದೇ ಬಗೆಯದು. ಹಾಸ್ಟೆಲ್ ಕೋಣೆಯಲ್ಲೇ ನಮ್ಮ ಪದ್ಧತಿಯ ಪ್ರಾರ್ಥನಾ ಕೂಟ ಮಾಡುವುದಾದರೆ ರಾತ್ರಿ 10ರೊಳಗೆ ಹಾಡು ಮುಗಿಸಿ, ಅಲ್ಲಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಕನ್ನಡ ಬೈಬಲ್ ಫೋನಿಗೆ ಮೊದಲೇ ಇಳಿಸಿಕೊಂಡಿರಿ.

ಟ್ಯೂಬಿಂಗನ್‌ನಲ್ಲಿ ಓದುವವರಿಗೆ ಒಂದು ಮಾತು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟೆಲ್ ಅವರು 1903ರಲ್ಲಿ ತೀರಿಕೊಂಡದ್ದು ಆ ಊರಲ್ಲೇ, ಸಮಾಧಿ ಅಲ್ಲಿನ ನಗರ ಸ್ಮಶಾನದಲ್ಲಿದೆ. ಭಾನುವಾರದ ಆರಾಧನೆ ಮುಗಿಸಿ ಹೋಗಿ ಬನ್ನಿ.

ಭಾನುವಾರಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆ. ಅಂದು ಅಂಗಡಿಗಳು ಮುಚ್ಚಿರುತ್ತವೆ, ದಿನಸಿ ಶನಿವಾರವೇ ತನ್ನಿ. ಮಾರ್ಚ್‌ನ ಕೊನೆಯ ಭಾನುವಾರ ನಸುಕಿನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಗೋಡೆ ಗಡಿಯಾರ ನಂಬಿದವರು ಚರ್ಚಿಗೆ ತಲುಪುವಾಗ ಆಶೀರ್ವಾದ ನಡೆಯುತ್ತಿರುತ್ತದೆ. ಅಂದಿನಿಂದ ಬೆಳಗಾವಿಯೊಂದಿಗೆ ಅಂತರ ಮೂರೂವರೆ ಗಂಟೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ಮತ್ತೆ ನಾಲ್ಕೂವರೆ. ಊರ ಚರ್ಚಿನ 9 ಗಂಟೆಯ ನೇರಪ್ರಸಾರ ನೋಡಲು ಚಳಿಗಾಲದಲ್ಲಿ 4:30ಕ್ಕೆ ಏಳಬೇಕು.

ಕ್ರಿಸ್ಮಸ್‌ಗೆ ವಿದ್ಯಾರ್ಥಿ ಸಭೆಯನ್ನು ಕಾಯಬೇಡಿ. ಜರ್ಮನ್ ವಿದ್ಯಾರ್ಥಿಗಳೆಲ್ಲ ಮನೆಗೆ ಹೋಗಿರುತ್ತಾರೆ, ಅವರ ಸಂಭ್ರಮ ಡಿಸೆಂಬರ್ ಎರಡು ಮೂರನೆಯ ವಾರಕ್ಕೇ ಮುಗಿದಿರುತ್ತದೆ. ಅಲ್ಲಿ ಹಬ್ಬದ ದೊಡ್ಡ ಆರಾಧನೆ 25ರ ಬೆಳಿಗ್ಗೆ ಅಲ್ಲ, 24ರ ಸಂಜೆ. ಬಡಾವಣೆಯ ಚರ್ಚ್ ತುಂಬಿ ನಿಲ್ಲಲೂ ಜಾಗವಿರುವುದಿಲ್ಲ, ಅರ್ಧ ಗಂಟೆ ಮೊದಲೇ ಹೋಗಿ. ಅಂದು ಮಧ್ಯಾಹ್ನದಿಂದಲೇ ಅಂಗಡಿಗಳು ಬಂದ್, 25, 26 ಎರಡೂ ದಿನ ರಜೆ, ಅಡುಗೆಗೆ ಬೇಕಾದದ್ದೆಲ್ಲ 23ಕ್ಕೇ ಮನೆಯಲ್ಲಿರಲಿ. ಸಂಜೆ 6ಕ್ಕೆ ಆರಾಧನೆ ಶುರುವಾಗುವಾಗ ಬೆಳಗಾವಿಯಲ್ಲಿ ರಾತ್ರಿ ಹತ್ತೂವರೆ, ಮನೆಯವರು ಮಧ್ಯರಾತ್ರಿಯ ಪೂಜೆಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ಅವ್ವನಿಗೆ ಫೋನ್ ಮಾಡುವುದಿದ್ದರೆ ಐದಕ್ಕೇ ಮಾಡಿ.